ಮೂರು ಗಾಲಿಯ ಬಾಡಿಗೆ

ಗೋಕಾಕ
ಸೋಮವಾರ, 27 ಸೆಪ್ಟೆಂಬರ್ 1999

ಅವ್ವಾ,

ತ್ರಿಶಲಾಳ ನಮಸ್ಕಾರ. ಪತ್ರದ ತಲೆಗೆ ‘ಇಲ್ಲಿ ಎಲ್ಲವೂ ಕ್ಷೇಮ’ ಎಂದು ಬರೆಯುವುದು ನಮ್ಮ ಮನೆಯ ವಾಡಿಕೆ. ಗೋಕಾಕಿಗೆ ಬಂದ ಆರು ವರ್ಷದಲ್ಲಿ ನಾನೂ ಅದನ್ನು ತಪ್ಪದೆ ಬರೆದಿದ್ದೇನೆ, ಜ್ವರ ಬಂದು ಮಲಗಿದಾಗಲೂ ಬರೆದಿದ್ದೇನೆ. ಈ ಸಲ ಬರೆಯುತ್ತಿಲ್ಲ. ಮೈ ಚೆನ್ನಾಗಿದೆ, ತಲೆ ಮಾತ್ರ ಎರಡು ತಿಂಗಳಿಂದ ಕುದಿಯುತ್ತಿದೆ.

ಮೊದಲು ಓದುವವನಿಗೆ ಒಂದು ಮಾತು. ಧನ್ಯಕುಮಾರಾ, ಅವ್ವ ಕಣ್ಣಿನ ಪೊರೆ ತೆಗೆಸಿಕೊಂಡು ಇನ್ನೂ ಕಣ್ಣಿಗೆ ಕರಿ ಚಾಳೀಸು ಹಾಕಿಕೊಂಡು ಕೂತಿದ್ದಾಳೆ, ಅದಕ್ಕೇ ಈ ಪತ್ರ ನಿನ್ನ ಬಾಯಿಂದ ಹೋಗಬೇಕು. ನಿನಗೆ ಅಕ್ಷರ ತಿದ್ದಿಸಿದವಳು ನಾನು. ನೀನು ಎಲ್ಲಿ ನುಂಗುತ್ತೀ, ಎಲ್ಲಿ ಹಾರಿಸುತ್ತೀ ಎಂಬುದು ನನಗೆ ಚೆನ್ನಾಗಿ ಗೊತ್ತು. ಒಂದು ಸಾಲೂ ಬಿಡದೆ ಓದು. ಅವ್ವಾ, ನಡುವೆ ಇವನು ಕೆಮ್ಮಿದರೆ ಅಲ್ಲಿ ಏನೋ ಇದೆ ಎಂದು ತಿಳಿದು ಮತ್ತೊಮ್ಮೆ ಓದಿಸು.

ದಶಲಕ್ಷಣ ಪರ್ವಕ್ಕೆ ಊರಿಗೆ ಯಾಕೆ ಬರಲಿಲ್ಲ ಎಂದು ನೀನು ಫೋನಿನಲ್ಲಿ ಕೇಳಿದೆ. ನನ್ನ ಎಸ್‌ಟಿಡಿ ಫೋನ್ ಬೂತಿನಲ್ಲಿ ಗಿರಾಕಿ ಇದ್ದರು, ಏನೋ ಒಂದು ಹೇಳಿ ಇಟ್ಟೆ. ನಿಜವಾದ ಕಾರಣ ನನ್ನ ಸೈಕಲ್. ಅದರ ಕಥೆಯನ್ನು ಮೊದಲಿಂದ ಹೇಳುತ್ತೇನೆ.

ನಾನಿರುವ ಮನೆ ನೀನು ನೋಡಿದ್ದೀ. ಭೀಮರಾಯ ಕಾಕಾರ ಮೂರು ಅಂತಸ್ತಿನ ಕಟ್ಟಡ, ಎಂಟು ಬಾಡಿಗೆ ಮನೆಗಳು, ಕೆಳಗೆ ಹಿಂಬದಿಯದು ನನ್ನದು. ಬಾಗಿಲಿಗೆ ಮೂರು ಪಾವಟಿಗೆ ಇರುವುದರಿಂದ ಸೈಕಲ್ ಒಳಗೆ ಏರುವುದಿಲ್ಲ. ಅದು ಪಾವಟಿಗೆಯ ಬಾಜೂ, ಗೋಡೆಗೆ ಒತ್ತಿಕೊಂಡು ನಿಲ್ಲುತ್ತದೆ. ಮುಂಜಾನೆ ಊರುಗೋಲು ಹಿಡಿದು ಇಳಿದು, ಅದರಲ್ಲಿ ಕೂತು, ಕೈಯಿಂದ ತಿರುವಿಕೊಂಡು ಬಸ್‌ಸ್ಟ್ಯಾಂಡ್ ಎದುರಿನ ಬೂತಿಗೆ ಹೋಗುತ್ತೇನೆ. ಬೆಲ್ಲದ ವ್ಯಾಪಾರಿಗಳು ಕೊಲ್ಹಾಪುರಕ್ಕೆ ದರ ಕೇಳಲು ಎಂಟು ಗಂಟೆಗೇ ಬಂದು ನಿಂತಿರುತ್ತಾರೆ. ನಾನು ತಡ ಮಾಡಿದರೆ ಮುಂದಿನ ಬೂತಿಗೆ ಹೋಗುತ್ತಾರೆ, ಅಷ್ಟೇ.

ಭೀಮರಾಯ ಕಾಕಾ ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಒಂಟಿ ಹೆಣ್ಣುಮಗಳು, ಅದರಲ್ಲೂ ಕಾಲು ಹೀಗಿರುವವಳು ಎಂದು ಇಡೀ ಓಣಿ ಮನೆ ಕೊಡಲು ಹಿಂದೆಮುಂದೆ ನೋಡಿದಾಗ ಕೀಲಿಕೈ ಕೊಟ್ಟವರು ಅವರೇ. ಅವರು ಸರಕಾರಿ ಆಫೀಸಿನಲ್ಲಿ ಹೆಡ್‌ಕ್ಲಾರ್ಕ್ ಆಗಿ ಹೋದ ವರ್ಷ ನಿವೃತ್ತರಾದರು. ಅಲ್ಲಿಂದ ಶುರುವಾಯಿತು ನೋಡು. ಕೈಕೆಳಗೆ ಜನ ಇಲ್ಲ, ಸಹಿ ಹಾಕಲು ಫೈಲು ಇಲ್ಲ. ನಮ್ಮ ಎಂಟು ಮನೆಗಳೇ ಅವರ ಆಫೀಸು ಆಗಿಬಿಟ್ಟವು. ನೀರು ಬಿಡುವುದಕ್ಕೆ ಒಂದು ರೂಲು, ಹಪ್ಪಳ ಒಣಹಾಕುವುದಕ್ಕೆ ಒಂದು ರೂಲು. ಜುಲೈನಲ್ಲಿ ಅಂಗಳಕ್ಕೆಲ್ಲ ಫರಸಿ ಕಲ್ಲು ಹಾಕಿಸಿದರು, ಒಂದು ಬದಿಗೆ ತಗಡು ಹೊದಿಸಿದರು. ಆಗಸ್ಟ್ ಮೊದಲಿಗೆ ಗೇಟಿನ ಒಳಗೆ ಬೋರ್ಡು ಬಂತು. ಗಾಡಿ ನಿಲ್ಲಿಸುವ ಬಾಡಿಗೆ, ತಿಂಗಳಿಗೆ: ಸೈಕಲ್ ಹತ್ತು ರೂಪಾಯಿ, ಎರಡು ಗಾಲಿ ಐವತ್ತು, ಮೂರು ಗಾಲಿ ನೂರು, ನಾಲ್ಕು ಗಾಲಿ ಇನ್ನೂರು.

ನಾನು ಬೋರ್ಡು ಓದಿ ನಕ್ಕುಕೊಂಡು ಬೂತಿಗೆ ಹೋದೆ. ಸಂಜೆ ಬಂದಾಗ ವಾಚ್‌ಮನ್ ಲಕ್ಕಪ್ಪ ಪಾವತಿ ಪುಸ್ತಕ ಹಿಡಿದು ನನ್ನ ಪಾವಟಿಗೆಯ ಹತ್ತಿರ ನಿಂತಿದ್ದ.

“ಅಕ್ಕಾರ, ನಿಮ್ಮದು ನೂರು ರೂಪಾಯಿ ಆಕ್ಕೈತ್ರಿ” ಅಂದ.

“ಯಾತಕ್ಕ?”

“ಗಾಡಿಗೆರಿ.”

“ನನ್ನ ಹಂತ್ಯಾಕ ಯಾವ ಗಾಡಿ ಐತಿ ಲಕ್ಕಪ್ಪಾ?”

ಅವನು ಸೈಕಲ್ಲಿನ ಸುತ್ತ ಒಂದು ಸುತ್ತು ಬಂದ. ಬೆರಳು ತೋರಿಸುತ್ತ ಗಾಲಿ ಎಣಿಸಿದ. “ಮೂರು ಅದಾವಲ್ರಿ” ಅಂದ. ಅವನ ಮುಖದಲ್ಲಿ ಚೇಷ್ಟೆ ಇರಲಿಲ್ಲ. ಹಾಗೆ ಹೇಳಿ ಬಾ ಎಂದು ಕಳಿಸಿದ್ದರು, ಹೇಳಿದ.

ಮರುದಿನ ಕಾಕಾರ ಹತ್ತಿರ ಹೋದೆ. ಅವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದರು. ಕಾಕಾ, ಎಲ್ಲೋ ತಪ್ಪಾಗಿದೆ ಅಂದೆ. ತಪ್ಪೇನೂ ಇಲ್ಲ ಅಂದರು.

“ನೋಡವಾ ತಂಗಿ, ಫರಸಿಗೆ ನಾ ಖರ್ಚ ಮಾಡೇನಿ. ರೂಲ್ ಅಂದ ಮ್ಯಾಲೆ ಎಲ್ಲಾರಿಗೂ ಒಂದ.”

“ಕಾಕಾ, ಇದು ಗಾಡಿ ಅಲ್ಲರಿ, ನನ್ನ ಕಾಲು. ಮ್ಯಾಲಿನ ಮನಿಯವರು ಬಾಗಲದಾಗ ಚಪ್ಪಲಿ ಬಿಡತಾರ, ಅವಕ್ಕೂ ರೊಕ್ಕ ತಗೋತೀರೇನ್ರಿ?”

“ಚಪ್ಪಲಿಗೆ ಗಾಲಿ ಇರಂಗಿಲ್ಲ” ಅಂದರು.

ಅವ್ವಾ, ನಾನು ರಾಜಿಗೂ ಬಂದೆ, ಅದನ್ನು ಮುಚ್ಚಿಡುವುದಿಲ್ಲ. ಹೋಗಲಿ, ಸೈಕಲ್ ಎಂದು ಹತ್ತು ರೂಪಾಯಿ ತಗೋರಿ ಅಂದೆ. ಸೈಕಲ್ಲಿಗೆ ಎರಡೇ ಗಾಲಿ ಅಂದರು. ಆಟೋ ರಿಕ್ಷಾದ ಬಾಡಿಗೆಯನ್ನು ಈ ಬಡಸೈಕಲ್ಲಿಗೆ ಹಾಕುತ್ತೀರಲ್ಲ, ಇದಕ್ಕೆ ಇಂಜಿನ್ ಉಂಟೇ, ಹಾರ್ನ್ ಉಂಟೇ ಅಂದೆ. ಬೋರ್ಡಿನಲ್ಲಿ ಇಂಜಿನ್ನಿನ ಮಾತು ಇಲ್ಲ ಅಂದರು. ನಿನಗೆ ಬಿಟ್ಟರೆ ನಾಳೆ ಎಲ್ಲರೂ ಬಿಡಿ ಅಂತಾರೆ ಅಂದರು.

“ಎಲ್ಲಾರೂ ನನ್ನಂಗ ಆಗಿ ಬಂದು ಕೇಳಿದರ ಅವರಿಗೂ ಬಿಡ್ರಿ” ಅಂದೆ.

ಅವರು ಪೇಪರು ಮುಖಕ್ಕೆ ಅಡ್ಡ ಹಿಡಿದರು. ಮಾತು ಮುಗಿಯಿತು ಎಂದು ಅರ್ಥ.

ನೂರು ರೂಪಾಯಿ ಕೊಡಲು ಆಗುತ್ತಿರಲಿಲ್ಲವೇ ಎಂದು ನೀನು ಕೇಳಬಹುದು. ಹೊಟ್ಟೆ ಬಟ್ಟೆ ಕಟ್ಟಿದರೆ ಆಗುತ್ತಿತ್ತು. ಆದರೆ ಕೊಟ್ಟ ದಿನದಿಂದ ನಾನು ಮನೆಯೊಳಗೆ ಬಂದು ಹೋಗುವುದಕ್ಕೇ ಬಾಡಿಗೆ ಕೊಟ್ಟ ಹಾಗೆ. ಮೇಲಿನ ಮನೆಯ ಹುಡುಗರು ದಿನಕ್ಕೆ ಇಪ್ಪತ್ತು ಸಲ ಅದೇ ಅಂಗಳದಲ್ಲಿ ಕುಣಿದಾಡುತ್ತಾರೆ, ಅವರ ಕಾಲಿಗೆ ಯಾರೂ ಲೆಕ್ಕ ಹಾಕುವುದಿಲ್ಲ.

ಬಾಡಿಗೆದಾರರು ಏನು ಮಾಡಿದರು ಗೊತ್ತೇ? ಎರಡನೇ ಅಂತಸ್ತಿನಲ್ಲಿ ಭಾಗ್ಯಾ ಇದ್ದಾಳಲ್ಲ, ಬ್ಯಾಂಕಿನವರ ಹೆಂಡತಿ, ಅವಳು ಒಂದು ಸಂಜೆ ಬಟ್ಟಲಲ್ಲಿ ಉಸುಳಿ ಹಿಡಿದು ಬಂದಳು. ಎಲ್ಲರೂ ಸೇರಿ ಮಾತಾಡಿದ್ದಾರಂತೆ. ಮನೆಗೆ ಇಷ್ಟಿಷ್ಟು ಎಂದು ಪಟ್ಟಿ ಎತ್ತಿ ನನ್ನ ನೂರು ರೂಪಾಯಿಯನ್ನು ತಿಂಗಳಾ ತಿಂಗಳಾ ತಾವೇ ತುಂಬುತ್ತಾರಂತೆ. ಬಹಳ ಪ್ರೀತಿಯಿಂದಲೇ ಹೇಳಿದಳು.

“ಭಾಗ್ಯಾ, ರೊಕ್ಕ ಬ್ಯಾಡ. ಎಲ್ಲಾರೂ ಕೂಡಿ ಹೋಗಿ ಕಾಕಾರಿಗೆ ‘ಇದು ಸರಿ ಅಲ್ಲರಿ’ ಅಂತ ಒಂದ ಮಾತ ಹೇಳ್ರಿ, ಸಾಕು” ಅಂದೆ.

“ಅವರ ಬಾಯಿಗೆ ಯಾರ ಬೀಳೂದ್ರಿ ತ್ರಿಶಲಕ್ಕಾ? ಕೊಟ್ಟು ಬಿಟ್ಟರ ತಲಿ ಶಾಂತ” ಅಂದಳು.

ಒಂದು ಮಾತು ಆಡುವುದಕ್ಕಿಂತ ಹದಿನೈದು ರೂಪಾಯಿ ಕೊಡುವುದು ಜನರಿಗೆ ಎಷ್ಟು ಹಗುರ ನೋಡು. ಬಟ್ಟಲು ತೊಳೆದು ಮರಳಿಸಿದೆ, ಪಟ್ಟಿ ಬೇಡ ಅಂದೆ. ಅವಳಿಗೆ ಬೇಸರವಾಯಿತು. ನನಗೆ ಸೊಕ್ಕು ಎಂದು ಮೇಲೆ ಮಾತಾಡಿಕೊಂಡಿರಬೇಕು.

ಆಗಸ್ಟ್ ಹಾಗೇ ಹೋಯಿತು. ಸೆಪ್ಟೆಂಬರ್ ಬಂತು, ನಾನು ಕೊಡಲಿಲ್ಲ. ಒಂದು ಮುಂಜಾನೆ ಬಾಗಿಲು ತೆಗೆದರೆ ಸೈಕಲ್ಲಿನ ಗಾಲಿಗೆ ಎಮ್ಮೆ ಕಟ್ಟುವಂಥ ಸರಪಳಿ ಬಿದ್ದಿದೆ, ಕಿಟಕಿಯ ಸರಳಿಗೆ ಸುತ್ತಿ ಬೀಗ ಜಡಿದಿದ್ದಾರೆ. ಬೂತಿಗೆ ಹೋಗುವ ಹೊತ್ತು. ಲಕ್ಕಪ್ಪನನ್ನು ಕೂಗಿದೆ. ಕೀಲಿ ಕಾಕಾರ ಹತ್ತಿರ ಇದೆ ಅಂದ, ಕಾಕಾ ಗುಡಿಗೆ ಹೋಗಿದ್ದಾರೆ ಅಂದ, ಅವರು ಇದ್ದರೂ ಕೊಡುವುದಿಲ್ಲ ಅಂದ. ಒಂದು ಆಟೋ ಕರೆದುಕೊಂಡು ಬಾ ಅಂದೆ. ಓಡಿಹೋಗಿ ತಂದ. ತಂದು ಗೇಟಿನ ಹೊರಗೇ ನಿಲ್ಲಿಸಿದ.

“ಒಳಗ ಬಿಡೋ” ಅಂದೆ.

“ಹೊರಗಿನ ಗಾಡಿ ಒಳಗ ಬಿಡಬ್ಯಾಡ ಅಂತ ಹೇಳ್ಯಾರ್ರಿ ಅಕ್ಕಾರ” ಅಂದ. ಅಳುವ ಹಾಗಿತ್ತು ಅವನ ಮುಖ. “ನಾ ಏನ ಮಾಡ್ಲಿರಿ, ಪಗಾರ ಅವರ ಕೈಯಾಗ ಐತಿ.”

ಹಾಗಾಗಿ ಅಂಗಳ ದಾಟಿ ಊರುಗೋಲಿನಲ್ಲೇ ನಡೆದೆ. ಫರಸಿ ಆಗತಾನೇ ತೊಳೆದಿದ್ದರು. ನಡುವೆ ಕೋಲು ಜಾರಿತು, ಬಿದ್ದೆ. ಹೆದರಬೇಡ, ಮೊಣಕೈ ತರಚಿತು, ಅಷ್ಟೇ. ಲಕ್ಕಪ್ಪ ಎತ್ತಿ ಕೂಡಿಸಿದ. ಮೇಲೆ ಯಾರ್ಯಾರದೋ ಕಿಟಕಿ ತೆರೆದವು, ಅಯ್ಯೋ ಅಂದರು. ಆಟೋದವನು ಹೋಗುವಾಗ ಬರುವಾಗ ಇಪ್ಪತ್ತಿಪ್ಪತ್ತು ರೂಪಾಯಿ ತೆಗೆದುಕೊಂಡ. ಮೂರು ದಿನ ಹೀಗೇ ನಡೆಯಿತು. ನಾಲ್ಕನೇ ದಿನ ಬೂತು ತೆರೆಯಲಿಲ್ಲ, ಮನೆಯಲ್ಲೇ ಕೂತೆ. ಕೂತು ಅಳುತ್ತಿದ್ದೆ ಎಂದುಕೊಳ್ಳಬೇಡ. ಕೂತು ಭೀಮರಾಯ ಕಾಕಾರಿಗೆ ಏನೇನು ಅನ್ನಬೇಕು ಎಂದು ಜೋಡಿಸುತ್ತಿದ್ದೆ.

ಐದನೇ ದಿನ ಬಾಗಿಲು ತೆಗೆದರೆ ಸರಪಳಿ ಇಲ್ಲ!

ಅವ್ವಾ, ನನಗೆ ಆದ ಸಂತೋಷ ನಿನಗೆ ಹೇಗೆ ಹೇಳಲಿ. ಕಾಕಾರಿಗೆ ನಾಚಿಕೆಯಾಗಿದೆ, ರೂಲು ಬಿಟ್ಟರು, ನಾನು ಗೆದ್ದೆ ಅಂದುಕೊಂಡೆ. ಬೂತಿಗೆ ಗಾಳಿಯ ಹಾಗೆ ಹೋದೆ. ಅರ್ಧ ಕಿಲೋ ಪೇಢೆ ತರಿಸಿದೆ. ಬೆಲ್ಲದ ವ್ಯಾಪಾರಿಗಳಿಗೆ ಕೊಟ್ಟೆ, ಎದುರಿನ ಬೀಡಾ ಅಂಗಡಿಯವನಿಗೆ ಕೊಟ್ಟೆ. ಏನು ವಿಶೇಷ ಎಂದು ಕೇಳಿದವರಿಗೆಲ್ಲ ಕಥೆ ಹೇಳಿದೆ, ಚಪ್ಪಲಿಯ ಮಾತನ್ನು ಸ್ವಲ್ಪ ಬೆಳೆಸಿಯೇ ಹೇಳಿದೆ. ಸಂಜೆ ಉಳಿದ ಪೇಢೆ ಹಿಡಿದು ಕಾಕಾರ ಬಾಗಿಲಿಗೆ ಹೋದೆ. ಎಷ್ಟಾದರೂ ಹಿರಿಯರು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ ಎಂದು ಹೇಳುವವಳಿದ್ದೆ.

ಅವರು ಪೇಢೆ ಬಾಯಿಗೆ ಹಾಕಿಕೊಂಡರು. ಚೆನ್ನಾಗಿ ಚಪ್ಪರಿಸಿದರು. ಆಮೇಲೆ ಅಂದರು, “ನಿನ್ನ ತಮ್ಮ ಶಾಣ್ಯಾ ಅದಾನ ನೋಡು. ಮಾತಿಲ್ಲ ಕತಿಯಿಲ್ಲ, ಒಂದ ವರ್ಷದ್ದು ಕೂಡೇ ಕೊಟ್ಟು ಹೋದ.”

ಧನ್ಯಕುಮಾರಾ, ಈಗ ನಿನ್ನ ದನಿ ಸಣ್ಣದಾಗಿದ್ದರೆ ಜೋರು ಮಾಡು. ಅವ್ವನಿಗೆ ಕೇಳಿಸಲಿ.

ಹೌದು ಅವ್ವಾ. ಕಾಕಾ ಊರಿಗೆ ಫೋನು ಮಾಡಿ, ನಿಮ್ಮ ಅಕ್ಕ ಹಟ ಮಾಡುತ್ತಾಳೆ, ಹೀಗೇ ಆದರೆ ಮನೆ ಬಿಡಿಸುತ್ತೇನೆ ಎಂದು ಹೇಳಿದರಂತೆ. ನಿನ್ನ ಮಗ ಆವತ್ತೇ ಸಂಜೆಯ ಬಸ್ಸಿಗೆ ಬಂದ. ಹುಕ್ಕೇರಿಯಲ್ಲಿ ಬೀಜದ ಕೆಲಸ ಇದೆ ಎಂದು ನಿನಗೆ ಹೇಳಿ ಬಂದನಲ್ಲ, ಅದು ಇದೇ. ಬಂದು, ಹನ್ನೆರಡು ತಿಂಗಳ ರೊಕ್ಕ ಎಣಿಸಿ, ಗೋಣು ಬಗ್ಗಿಸಿ ಹಿಂತಿರುಗಿದ. ನಾನು ಒಳಗೆ ಕೂತಿದ್ದೆ. ನನಗೂ ಅವನಿಗೂ ನಡುವೆ ಒಂದು ಗೋಡೆ ಇತ್ತು. ‘ಅಕ್ಕಾ’ ಎಂದು ಒಂದು ಸಲ ಕೂಗಲಿಲ್ಲ.

ಪೇಢೆಯ ಡಬ್ಬಿ ಕೈಯಲ್ಲಿ ಹಿಡಿದು ನಾನು ಅಲ್ಲಿ ನಿಂತಿದ್ದೆ. ಮುಂಜಾನೆಯಿಂದ ಇಡೀ ಬಸ್‌ಸ್ಟ್ಯಾಂಡಿಗೆ ಹಂಚಿದ ಸಂತೋಷ, ಎಲ್ಲವೂ ನನ್ನ ತಮ್ಮ ಕೊಟ್ಟ ಬಾಡಿಗೆ. ಅವನ ರೊಕ್ಕ ಹಿಂದೆ ಕೊಡಿ ಅಂದೆ. “ಕೊಟ್ಟಾಂವ ಅಂವ, ಕೇಳಾಕ ಅಂವನ ಬರಬೇಕು” ಅಂದರು ಕಾಕಾ.

ಆ ಮಾತಿಗೆ ನನ್ನ ತಲೆ ಸರಿಯಾಗಿ ಕೆಲಸ ಮಾಡಿತು ನೋಡು.

“ಹಂಗಾದರ ನನ್ನ ಜಾಗಾ ತೋರಸ್ರಿ” ಅಂದೆ.

“ಯಾವ ಜಾಗಾ?”

“ಒಂದ ವರ್ಷದ ಬಾಡಿಗಿ ಮುಟ್ಟೈತಿ. ಮೂರು ಗಾಲಿ ಗಾಡಿ ನಿಂದರಸೂ ಜಾಗಾ. ಗ್ವಾಡಿ ಬಾಜೂಕ ನಾ ಆರು ವರ್ಷ ಪುಕ್ಕಟೆ ನಿಂದರಿಸೇನಿ. ಈಗ ರೊಕ್ಕ ಕೊಟ್ಟೇನಿ, ತಗಡಿನ ಕೆಳಗ ಜಾಗಾ ಬೇಕು.”

ಅಂಗಳದಲ್ಲಿ ತಗಡಿನ ಕೆಳಗೆ ಸುಣ್ಣದ ಗೆರೆ ಎಳೆದಿದ್ದರು, ಅದರಲ್ಲಿ ಸೈಕಲ್ಲುಗಳಿಗೆ ಇತ್ತು, ಸ್ಕೂಟರುಗಳಿಗೆ ಇತ್ತು, ಕಾಕಾರ ಹಳೆಯ ಫಿಯೆಟ್ ಕಾರಿಗೆ ಇತ್ತು. ಮೂರು ಗಾಲಿಗೆ ಗೆರೆಯೇ ಇರಲಿಲ್ಲ, ಯಾಕೆಂದರೆ ಮೂರು ಗಾಲಿಯ ಗಾಡಿ ಯಾರ ಹತ್ತಿರವೂ ಇಲ್ಲ. ಇಲ್ಲದ ಗಾಡಿಗೆ ಬಾಡಿಗೆ ಬರೆಸಿದ್ದರು. ನೋಡೋಣ ನೋಡೋಣ ಎಂದು ಒಳಗೆ ಹೋದರು.

ನಾನು ನೋಡಲಿಲ್ಲ. ಮರುದಿನ ಅವರು ಕಾರು ತೆಗೆದುಕೊಂಡು ನಿಡಸೋಸಿಗೆ ಹೋದರು. ನಾನು ಬೂತು ಮುಚ್ಚಿ ಬಂದೆ, ಸೈಕಲ್ಲನ್ನು ಕಾರಿನ ಜಾಗದ ನಟ್ಟನಡುವೆ ನಿಲ್ಲಿಸಿದೆ, ಪೇಟೆಯಿಂದ ತಂದ ನನ್ನದೇ ಸರಪಳಿಯನ್ನು ತಗಡಿನ ಕಂಬಕ್ಕೆ ಸುತ್ತಿ ಬೀಗ ಹಾಕಿದೆ. ಅದರ ಮೇಲೆಯೇ ಕೂತು ಕಡಲೆ ತಿಂದೆ. ಲಕ್ಕಪ್ಪ ದೂರದಲ್ಲಿ ನಿಂತು ನೋಡಿದ, ಹತ್ತಿರ ಬರಲಿಲ್ಲ. ಅವನ ತುಟಿಯಲ್ಲಿ ನಗು ಇತ್ತೋ ಏನೋ.

ಕಾಕಾ ಇಳಿಹೊತ್ತಿಗೆ ಬಂದರು. ಹಾರ್ನ್ ಹೊಡೆದರು. ಮತ್ತೆ ಹೊಡೆದರು. ಎಲ್ಲ ಅಂತಸ್ತಿನಿಂದಲೂ ತಲೆಗಳು ಹೊರಗೆ ಬಂದವು.

“ತಗೀವಾ ಅದನ್ನ!”

“ರೊಕ್ಕ ಮುಟ್ಟೈತ್ರಿ ಕಾಕಾ. ಇದು ನನ್ನ ಜಾಗಾ.”

“ಇದು ನಾಲ್ಕ ಗಾಲಿ ಜಾಗಾ!”

“ಹಂಗಾದರ ಮೂರು ಗಾಲಿದು ತೋರಸ್ರಿ, ಈಗ ಅಲ್ಲೇ ಹೋಗತೇನಿ. ಇಲ್ಲಂದರ ನನ್ನ ತಮ್ಮನ ರೊಕ್ಕ ಕೊಡ್ರಿ. ಎರಡೂ ಇಲ್ಲಂದರ ನಾ ಏಳಂಗಿಲ್ಲ.”

ಅವರ ಮುಖ ಕೆಂಪಾಯಿತು. ಮನೆ ಕೊಟ್ಟಿದ್ದೇ ತಪ್ಪಾಯಿತು ಅಂದರು. ಓಣಿಯಲ್ಲಿ ಯಾರೂ ಕೊಡದಾಗ ಕೊಟ್ಟೆ ಅಂದರು. ಅದು ನಿಜ. ಆಮೇಲೆ ಸಿಟ್ಟಿನ ಭರದಲ್ಲಿ ಇನ್ನೊಂದು ಮಾತನ್ನೂ ಆಡಿದರು. ಅದು ಈ ಪತ್ರಕ್ಕೆ ಬೇಡ, ಸಿಟ್ಟಿನಲ್ಲಿ ಮನುಷ್ಯರು ಏನೇನೋ ಅನ್ನುತ್ತಾರೆ. ನಾನು ಸೈಕಲ್ ಬಿಟ್ಟು ಏಳಲಿಲ್ಲ.

ಆ ಹೊತ್ತಿಗೆ ಭಾಗ್ಯಾ ಇಳಿದು ಬಂದಳು. ಹಿಟ್ಟಿನ ಕೈ ಹಾಗೇ ಇತ್ತು. ಬಂದು ನನ್ನ ಸೈಕಲ್ಲಿನ ಹಿಡಿಕೆ ಹಿಡಿದು ನಿಂತಳು. “ಕಾಕಾರ, ಇವರದು ಇತ್ಯರ್ಥ ಆಗೂಮಟಾ ನಮ್ಮ ಸ್ಕೂಟರಿನ ಬಾಡಿಗೀನೂ ಕೊಡಂಗಿಲ್ಲರಿ” ಅಂದಳು. ಅವಳ ಗಂಡ ಮೇಲಿನಿಂದ ‘ಭಾಗ್ಯಾ, ಭಾಗ್ಯಾ’ ಎಂದು ಕರೆಯುತ್ತಲೇ ಇದ್ದರು. ಅವಳು ಕತ್ತೆತ್ತಲಿಲ್ಲ. ಹಿಡಿಕೆ ಬಿಡಲಿಲ್ಲ. ಮೂರನೇ ಅಂತಸ್ತಿನವರೂ ನಮ್ಮದೂ ಇಲ್ಲ ಎಂದು ಮೇಲಿನಿಂದಲೇ ಕೂಗಿದರು. ಇಳಿದು ಬರಲಿಲ್ಲ, ಆದರೂ ಕೂಗಿದರಲ್ಲ.

ಕೊನೆಗೆ ಕಾಕಾರ ಹೆಂಡತಿ ಕಾಶೆವ್ವ ಬಾಗಿಲಿಗೆ ಬಂದರು. ಆರು ವರ್ಷದಲ್ಲಿ ಅವರು ಗಂಡನ ಎದುರು ದನಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ.

“ಒಳಗ ಬರ್ರಿ, ಸಾಕ ಮಾಡ್ರಿ” ಅಂದರು. “ಆಡಬಾರದ ಮಾತ ಆಡಿದ್ರಿ. ನಾ ನಾಳಿಗೆ ನೀರ ತರಾಕ ಹೊರಗ ಹ್ಯಾಂಗ ಬೀಳಲಿ?”

ಕಾಕಾ ಕಾರನ್ನು ರಸ್ತೆಯಲ್ಲೇ ಬಿಟ್ಟು ಒಳಗೆ ಹೋದರು. ಮರುದಿನ ಲಕ್ಕಪ್ಪ ರೊಕ್ಕ ತಂದು ಕೊಟ್ಟ, ಅಷ್ಟೂ ರೊಕ್ಕ. ನಾನು ಬೀಗ ತೆಗೆದು ಸೈಕಲ್ಲನ್ನು ಗೋಡೆಯ ಬಾಜೂ ತಂದೆ.

ಇಲ್ಲಿಗೆ ಮುಗಿಯಿತು ಅಂದುಕೊಂಡೆಯಾ? ನಾನೂ ಹಾಗೇ ಅಂದುಕೊಂಡಿದ್ದೆ. ಎರಡು ದಿನ ಬಿಟ್ಟು ಪೇಂಟರ್ ಬಂದ. ಬೋರ್ಡಿನ ಕೆಳಗೆ, ಉಳಿದ ಸಾಲುಗಳಿಗಿಂತ ದಪ್ಪ ಅಕ್ಷರದಲ್ಲಿ, ಕೆಂಪು ಬಣ್ಣದಲ್ಲಿ ಬರೆದು ಹೋದ: ‘ಅಪಂಗರಿಗೆ ಮಾಫ್’. ಈ ಕಟ್ಟಡದಲ್ಲಿ ಅಪಂಗರು ಎಷ್ಟು ಜನ ಇದ್ದಾರೆ? ಈಗ ಹಾಲಿನವನು, ಪೋಸ್ಟಿನವನು, ಬಂದ ನೆಂಟರು, ಎಲ್ಲರೂ ಬೋರ್ಡು ಓದುತ್ತಾರೆ, ತಿರುಗಿ ನನ್ನ ಬಾಗಿಲ ಕಡೆ ನೋಡುತ್ತಾರೆ. ಮತ್ತೆ ಕಾಕಾರ ಹತ್ತಿರ ಹೋದೆ. ಆ ಸಾಲು ಅಳಿಸಿರಿ ಅಂದೆ.

“ಏನ ಮಾಡಿದ್ರೂ ನಿನಗ ಸಮಾಧಾನ ಇಲ್ಲಲ್ಲವಾ!” ಅಂದರು. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಒಳ್ಳೆಯದು ಮಾಡಿದೆ ಅಂದುಕೊಂಡಿದ್ದರು ಪಾಪ.

ಮಾಫಿ ಬೇಡ ಕಾಕಾ, ಮೇಲೆ ‘ಮೂರು ಗಾಲಿ’ ಎಂದು ಇರುವಲ್ಲಿ ‘ಆಟೋ ರಿಕ್ಷಾ’ ಎಂದು ಬರೆಸಿದರೆ ಸಾಕು, ನನ್ನ ಸುದ್ದಿಯೇ ಬೋರ್ಡಿನಲ್ಲಿ ಬೇಕಾಗುವುದಿಲ್ಲ ಅಂದೆ. ಪೇಂಟರ್ ಮತ್ತೆ ರೊಕ್ಕ ಕೇಳುತ್ತಾನೆ, ದಸರೆ ಆಗಲಿ ಅಂದರು. ಈ ಪತ್ರ ಬರೆಯುವ ಹೊತ್ತಿಗೂ ಆ ಕೆಂಪು ಸಾಲು ಅಲ್ಲೇ ಇದೆ. ದಸರೆ ಆಗಲಿ, ನಾನೂ ನೋಡುತ್ತೇನೆ.

ಧನ್ಯಕುಮಾರನ ರೊಕ್ಕವನ್ನು ಮನಿಆರ್ಡರ್ ಮಾಡಿದ್ದೇನೆ, ನಿನ್ನ ಹೆಸರಿಗೆ. ಪೋಸ್ಟಿನವನು ಬಂದಾಗ, ಸಹಿ ಹಾಕಲು ಕಾಣದಿದ್ದರೆ ಹೆಬ್ಬೆಟ್ಟು ಒತ್ತಿ ತಗೋ. ಅವನಿಗೆ ಕೊಡುವುದೋ ಬಿಡುವುದೋ ನಿನಗೆ ಬಿಟ್ಟದ್ದು.

ಇದನ್ನೆಲ್ಲ ಕೇಳಿ ನೀನು ಏನು ಹೇಳುತ್ತೀ ಎಂದು ಗೊತ್ತು. ಸಾಕು ಮಗಳೇ, ಊರಿಗೆ ಬಂದುಬಿಡು ಅನ್ನುತ್ತೀ. ಬೇಡ ಅವ್ವಾ. ಇಲ್ಲಿ ಇರಬೇಕೆಂದೇ ಇಷ್ಟು ಜಗಳ ಆಡಿದ್ದೇನೆ. ಕಣ್ಣಿಗೆ ಹೊತ್ತು ಹೊತ್ತಿಗೆ ಔಷಧಿ ಹಾಕಿಸಿಕೋ. ಒಲೆಯ ಮುಂದೆ ಕೂಡಬೇಡ. ಮೊಣಕೈ ವಾಸಿಯಾಗಿದೆ.

ನಿನ್ನ ಹಟಮಾರಿ ಮಗಳು,
ತ್ರಿಶಲಾ

ತಾ.ಕ.: ಧನ್ಯಾ, ಈ ಚೀಟಿಯನ್ನು ಬೇರೆ ಮಡಚಿ ಇಟ್ಟಿದ್ದೇನೆ. ಇದು ನಿನಗೆ ಮಾತ್ರ, ಅವ್ವನಿಗೆ ಓದಬೇಡ.

ಭೀಮರಾಯ ಕಾಕಾ ಆವತ್ತು ಅಂಗಳದಲ್ಲಿ ಆಡಿದ ಮಾತು ಇದು: “ನಿನ್ನ ತಮ್ಮ ನನ್ನ ಮುಂದ ಕೈ ಮುಗದು ನಿಂತಿದ್ದ. ನನ್ನ ಲಗ್ನ ಆಗೂಮಟಾ ಈಕೀನ್ನ ಹ್ಯಾಂಗರೆ ಮಾಡಿ ಇಲ್ಲೇ ಇಟ್ಕೋರಿ, ಮನಿ ಬಿಡಿಸಿದರ ಊರಿಗೆ ಬರತಾಳ, ಬಂದರ ಬೀಗರಿಗೆ ಗೊತ್ತಾಕ್ಕೈತಿ ಅಂದ.” ಎಂಟು ಮನೆಯವರೂ ಕೇಳಿದರು. ಭಾಗ್ಯಾ ಹಿಟ್ಟಿನ ಕೈಯಲ್ಲಿ ಇಳಿದು ಬಂದದ್ದು ಆ ಮಾತು ಕೇಳಿ.

ನೀನು ನನ್ನ ಸೈಕಲ್ಲಿಗೆ ಬಾಡಿಗೆ ಕಟ್ಟಿದೆ ಅಂದುಕೊಂಡಿದ್ದೆ. ನಾನು ದೂರ ಇರುವುದಕ್ಕೆ ಕಟ್ಟಿದ್ದೀ. ಹೆಣ್ಣಿನ ಕಡೆಯ ಮೂಡಲಗಿಯವರಿಗೆ ಅಕ್ಕನ ವಿಷಯ ಎಲ್ಲ ಹೇಳಿದ್ದೇನೆ ಎಂದು ಅವ್ವನಿಗೆ ಅಂದೆಯಂತೆ. ಅವಳು ಕಣ್ಣು ಕಟ್ಟಿಕೊಂಡು ಮಲಗಿದ್ದಳು, ಹೆಣ್ಣು ನೋಡಲು ನಿನ್ನ ಜೊತೆ ಬಂದಿರಲಿಲ್ಲ, ನಂಬಿದಳು.

ಹೋದ ಶನಿವಾರ ಹುಡುಗಿಯ ತಂದೆ ಬಾಹುಬಲಿಯವರು ನನ್ನ ಬೂತಿಗೆ ಬಂದಿದ್ದರು. ಬೆಲ್ಲದ ಬಾಗೇವಾಡಿಯ ಹೆಣ್ಣುಮಗಳು ಇಲ್ಲಿ ಬೂತು ನಡೆಸುತ್ತಾಳೆ ಎಂದು ಯಾರೋ ಹೇಳಿದರಂತೆ. ನಿಮ್ಮೂರಿನಲ್ಲಿ ಒಂದು ಹುಡುಗನನ್ನು ನೋಡಿದ್ದೇವೆ, ಮನೆತನ ಹೇಗೆ, ಹುಡುಗ ಹೇಗೆ ಎಂದು ಕೇಳಿದರು. ನಿನ್ನ ಹೆಸರು ಹೇಳಿದರು. ಒಳ್ಳೆಯ ಹುಡುಗ, ದುಡಿಯುತ್ತಾನೆ, ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ ಅಂದೆ. ಮನೆಯಲ್ಲಿ ಯಾರ್ಯಾರು ಎಂದು ಕೇಳಿದರು. ‘ತಾಯಿ, ಮಗ, ಇಬ್ಬರೇ’ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು, ಖರೆ ಹೇಳುತ್ತೇನೆ, ನಿನ್ನ ಸಲುವಾಗಿ ಬಂದಿತ್ತು. ಆದರೆ ಆಡಲು ಆಗಲಿಲ್ಲ. “ಒಬ್ಬಾಕಿ ಅಕ್ಕ ಅದಾಳ್ರಿ, ನಾನ” ಅಂದೆ.

ಅವರು ನನ್ನ ಊರುಗೋಲು ನೋಡಿದರು, ನನ್ನ ಮುಖ ನೋಡಿದರು. ಚಹಾ ತರಿಸಿದೆ. ಕುಡಿದು ಕಪ್ಪು ಕೆಳಗಿಟ್ಟು ಅಂದರು, “ಕಾಲಿಂದು ನನಗ ಏನೂ ಅನಸಂಗಿಲ್ಲವಾ. ಇದ್ದ ಅಕ್ಕನ್ನ ಇಲ್ಲ ಅಂದಾನಲ್ಲ, ಅದು ಹೊಟ್ಟ್ಯಾಗ ಕೂತೈತಿ.” ಅಂಜಿ ಹಾಗೆ ಮಾಡಿದ್ದಾನೆ, ಅವನಿಗೆ ಹೇಳಲು ಒಂದು ಅವಕಾಶ ಕೊಡಿ ಎಂದು ನಾನೇ ಕೇಳಿಕೊಂಡೆ. ಬರುವ ರವಿವಾರ ಊರಿಗೆ ಬರುತ್ತಾರೆ, ನಿನ್ನನ್ನು ಎದುರಿಗೇ ಕೇಳುತ್ತಾರೆ. ಅವರು ಬರುವ ಮೊದಲೇ ಅವ್ವನಿಗೆ ಹೇಳು, ನಿನ್ನ ಬಾಯಿಂದಲೇ ಹೇಳು.

ನಾನೂ ರವಿವಾರ ಮುಂಜಾನೆ ಮೊದಲ ಬಸ್ಸಿಗೆ ಬರುತ್ತೇನೆ. ಸೈಕಲ್ಲನ್ನು ಬಸ್ಸಿನ ಮೇಲೆ ಕಟ್ಟಿಸಿಕೊಂಡು ತರುತ್ತೇನೆ. ಕೆಳಗಿಳಿಸಲು ಇಬ್ಬರು ಬೇಕು. ಒಬ್ಬ ಕಂಡಕ್ಟರ್ ಇರುತ್ತಾನೆ. ಇನ್ನೊಬ್ಬ ನೀನು ಬಾ.